ಅಮವಾಸ್ಯೆಯ ದಿನ ಎಣಿಸಿದ ಬಸ್ಸು

ಕಸ್ತೂರಿ, ನಿನ್ನ ಕಾಲೇಜು ಬಿಡಿಸಿದವನು ನಾನು. ನಿಮ್ಮಪ್ಪನ ಮೇಲೆ ನೀನು ಇಷ್ಟು ವರ್ಷ ಇಟ್ಟುಕೊಂಡ ಸಿಟ್ಟೆಲ್ಲ ನನ್ನ ಪಾಲಿನದು.

ಥೂ — ಬರೆದ ಮೇಲೆ ನೋಡಿದರೆ ಎಷ್ಟು ಸಣ್ಣ ಮಾತು. ಇದನ್ನು ಹೇಳಲಾರದೆ ಇಷ್ಟು ದಿನ ನಿನ್ನ ಕಣ್ಣು ತಪ್ಪಿಸಿ ತಿರುಗಿದೆ.

ಆಗ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ನಮ್ಮ ಬನಹಟ್ಟಿಯ ಓಣಿ ತುಂಬ ಮೆರೆದಿದ್ದೆ. ದೇಶದ ಬಸ್ಸುಗಳ ಮಾಹಿತಿಯನ್ನೆಲ್ಲ ಒಂದೇ ಕಡೆ ಕೂಡಿಸುವ ಕೆಲಸ ಅದು — ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಜನ ಹತ್ತುತ್ತಾರೆ. ಹಾಗೆ ಕೂಡಿಸಿದ್ದನ್ನು ಬಸ್ಸಿನ ವೇಳೆ ತೋರಿಸುವ ಮೊಬೈಲ್ ಆ್ಯಪ್‌ಗಳೂ ಬಳಸುತ್ತವೆ, ಬಸ್ಸು ಎಲ್ಲಿ ಓಡಬೇಕೆಂದು ಗೊತ್ತು ಮಾಡುವ ಸಾಹೇಬರೂ ಬಳಸುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಬಸ್ಸುಗಳು ನನ್ನ ಪಾಲಿಗೆ ಬಂದವು. ಬಸ್ಸಿನಲ್ಲಿ ಕೂತು, ನಿಂತಲ್ಲೆಲ್ಲ ಜನರನ್ನು ಎಣಿಸಿ ಮೊಬೈಲಿನಲ್ಲಿ ಒತ್ತಬೇಕು. ಎಂದಿನಂತೆ ಜನ ಓಡಾಡುವ ಕೆಲಸದ ದಿನವೇ ಎಣಿಸಬೇಕು.

ನಮ್ಮ ನೇಕಾರರ ಕಾಲೊನಿಗೆ ಸುತ್ತು ಹಾಕಿ ಜಮಖಂಡಿಗೆ ಹೋಗುವ ಮುಂಜಾನೆಯ ಬಸ್ಸು ನಿನಗೆ ಗೊತ್ತಲ್ಲ — ಸೀರೆ ಗಂಟಿನವರು, ಆಸ್ಪತ್ರೆಗೆ ಹೋಗುವವರು, ಬಾಗಿಲಿಗೆ ಜೋತುಬಿದ್ದವರು. ಆ ಗದ್ದಲದಲ್ಲಿ ನಿಂತು ಎಣಿಸುವವರು ಯಾರು ಎಂದು ಮುಂದೂಡುತ್ತಲೇ ಬಂದೆ. ಕೊನೆಗೆ — ಅಮವಾಸ್ಯೆಯ ದಿನ ಹತ್ತಿದೆ.

ಬೇರೆ ಊರಿನವನಾಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನಾನು ನೇಕಾರರ ಮನೆಯಲ್ಲಿ ಹುಟ್ಟಿದವನು. ಅಮವಾಸ್ಯೆಗೆ ನಮ್ಮಲ್ಲಿ ಮಗ್ಗ ನಿಲ್ಲುತ್ತದೆ, ಪೇಟೆಗೆ ಯಾರೂ ಗಂಟು ಒಯ್ಯುವುದಿಲ್ಲ. ಅವತ್ತು ನಾನೇ ಮಗ್ಗಕ್ಕೆ ಕಾಯಿ ಒಡೆದು ಮನೆ ಬಿಟ್ಟಿದ್ದೆ. ಬಸ್ಸು ಖಾಲಿ ಇರುತ್ತದೆ, ಆರಾಮ ಕೂತು ಮುಗಿಸಬಹುದು ಅಂತಲೇ ಆ ದಿನ ಆರಿಸಿದ್ದು — ಖರೆ ಹೇಳುತ್ತೇನೆ, ಅಂತಲೇ.

ನಮ್ಮ ಕಾಲೊನಿಯಲ್ಲಿ ನೀನೊಬ್ಬಳೇ ಹತ್ತಿದಿ. ನರ್ಸಿಂಗ್ ಕಾಲೇಜಿನ ಬಿಳಿ ಕೋಟು ಮಡಚಿ ಎದೆಗೆ ಹಿಡಿದಿದ್ದಿ. "ಅಣ್ಣಾ, ಇವತ್ತರ ಸೀಟ್ ಸಿಕ್ಕಿತು ನೋಡು!" ಎಂದು ನಕ್ಕಿ. ನಾನೂ ನಕ್ಕು, 'ಒಂದು' ಎಂದು ಒತ್ತಿದೆ. ಇದು ಕೆಲಸದ ದಿನವೇ ಎಂದು ಮೊಬೈಲು ಕೇಳಿತು. ಹೌದು ಎಂದು ಅದನ್ನೂ ಒತ್ತಿದೆ.

ಕೆಲವು ತಿಂಗಳಲ್ಲಿ ಬಸ್ಸು ಕಾಲೊನಿಗೆ ಬರುವುದು ನಿಂತಿತು. ಒಬ್ಬರು ಹತ್ತುವ ಕಡೆ ಸುತ್ತು ಹಾಕುವುದೇಕೆ ಎಂದು, ನನ್ನ ಅಂಕಿ ನೋಡಿಯೇ, ದೊಡ್ಡ ರಸ್ತೆಯ ಮೇಲೆ ನೇರ ಓಡಿಸಿದರು. ಗಂಟಿನವರು ಕೂಡಿ ಬಾಡಿಗೆಯ ಟಂಟಂ ಗಾಡಿ ಮಾಡಿಕೊಂಡರು. ನೀನು ಕತ್ತಲು ಹರಿಯುವ ಮೊದಲೇ ದೊಡ್ಡ ರಸ್ತೆಗೆ ನಡೆಯತೊಡಗಿದಿ. ಬೈಕಿನ ಹುಡುಗರು ಬೆನ್ನು ಹತ್ತಿದ್ದು ನಿಮ್ಮಪ್ಪನ ಕಿವಿಗೂ ಬಿತ್ತು.

ಅವರು ನನ್ನ ಹತ್ತಿರವೇ ಬಂದರು. "ನೀ ಬಸ್ಸಿನ ಕೆಲಸದಾಗ ಇದ್ದಾವ. ಯಾಕ ನಿಂದರಿಸ್ಯಾರ, ಕೇಳಿ ಹೇಳಪಾ. ಬಸ್ ಬಂದ್ರ ಹುಡುಗಿನ ಕಳಸ್ತೇನಿ. ಇಲ್ಲಂದ್ರ ಆತು, ಸಾಲಿ ಸಾಕು."

ಆಗಲಾದರೂ ನನ್ನ ಎಣಿಕೆ ತಪ್ಪು ಎಂದು ತಿಳಿಸಿ, ಮತ್ತೊಮ್ಮೆ ಎಣಿಸಿದ್ದರೆ — ಕೆಲಸ ಹೋದೀತೆಂದು ಅಂಜಿದೆ. "ಮ್ಯಾಲಿಂದ ಆಗೇತ್ರಿ ಕಾಕಾ. ನಾ ಅರ್ಜಿ ಕೊಟ್ಟು ಓಡ್ಯಾಡಾಕತ್ತೇನಿ, ನೋಡೂಣು" ಅಂದೆ. ಎಲ್ಲಿಯ ಅರ್ಜಿ! ಒಂದು ಸಾಲೂ ಬರೆದಿರಲಿಲ್ಲ. ಆ ಹಿರಿಯ ಜೀವ ನನ್ನ ಎರಡೂ ಕೈ ಹಿಡಿದುಕೊಂಡಿತು. ತಿಂಗಳುಗಟ್ಟಲೆ ಕಾದರು, ಆಮೇಲೆ ವರ ನೋಡಿದರು. ನಿನ್ನ ಮದುವೆಯಲ್ಲಿ ನಾನು ಪಂಕ್ತಿಗೆ ಕೂತು ಹೋಳಿಗೆ ಉಂಡೆ. ಎರಡನೇ ಸಲ ಬಡಿಸಲು ಬಂದಾಗಲೂ ಬೇಡ ಅನ್ನಲಿಲ್ಲ — ನಾಚಿಕೆಗೆಟ್ಟವನು.

ಈಗ ನಾನು ಬೇರೆಯವರ ಎಣಿಕೆ ಸರಿ ಇದೆಯೋ ಇಲ್ಲವೋ ನೋಡುವ ಹುದ್ದೆಯಲ್ಲಿದ್ದೇನೆ. ಹುಡುಗರಿಗೆ ಪ್ರಾಮಾಣಿಕತೆಯ ಮಾತು ಹೇಳುತ್ತೇನೆ.

ಮೊನ್ನೆ ಮುಧೋಳ ಬಸ್ ನಿಲ್ದಾಣದಲ್ಲಿ ನೀನೇ ಕೂಗಿ ಕರೆದಿ. ಗಂಡನಿಗೆ ನನ್ನನ್ನು ತೋರಿಸಿ, "ಇಂವ ನಮ್ಮ ಓಣಿ ಅಣ್ಣ ರೀ. ನನ್ನ ಕಾಲೇಜು ತಪ್ಪಬಾರದಂತ ಬಸ್ಸಿನ ಸಲುವಾಗಿ ಭಾಳ ಓಡ್ಯಾಡಿದ್ದ" ಅಂದಿ. ಆತ ನನಗೆ ಕೈ ಮುಗಿದ. ಚಹಾ ಕುಡಿಸಿದ. ನಾನು ಕುಡಿದೆ, ಕಸ್ತೂರಿ — ಹೂಂ ಅನ್ನುತ್ತ ಕುಡಿದೆ.

ನಡೆದದ್ದನ್ನೆಲ್ಲ ನನ್ನ ಹೆಸರು ಹಾಕಿಯೇ ನಿನ್ನೆ ಕಚೇರಿಗೆ ತಿಳಿಸಿದ್ದೇನೆ. ಕಾಲೊನಿಗೆ ಬಸ್ಸು ತಿರುಗಿ ಬಂದರೂ ಬರಬಹುದು. ನಿನ್ನ ಓದು ಬರುವುದಿಲ್ಲ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಭಾನುವಾರ ಮುಧೋಳಕ್ಕೆ, ನಿನ್ನ ಮನೆಗೆ ಬರುತ್ತೇನೆ. ನಿನ್ನ ಗಂಡನೂ ಮನೆಯಲ್ಲಿರಲಿ. ಅವನ ಮುಂದೆ ನನ್ನನ್ನು ಹೊಗಳಿದ್ದಿ, ಅವನ ಮುಂದೆಯೇ ಹೇಳುತ್ತೇನೆ — ನಿನ್ನ ಸಲುವಾಗಿ ಅವತ್ತು ಯಾರೂ ಓಡಾಡಲಿಲ್ಲ ಎಂದು.