ನೂರರಿಂದ ಏಳೇಳು ಕಳೆದವರು

ರೋಪ್‌ವೇಯ ತುದಿ ನಿಲ್ದಾಣ ಎಷ್ಟು ಎತ್ತರದಲ್ಲಿತ್ತೆಂದರೆ, ಅಲ್ಲಿಗೆ ಹೊರಟ ಮೋಡಗಳು ಅರ್ಧದಲ್ಲೇ ಸುಸ್ತಾಗಿ ಕೂತುಬಿಡುತ್ತಿದ್ದವು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಬ್ರೇಕಿನ ಹಿಡಿಕೆ ಹಿಡಿದವನನ್ನು ಎಲ್ಲರೂ ಬ್ರೇಕಣ್ಣ ಎನ್ನುತ್ತಿದ್ದರು. ಕಂಬ ಹತ್ತಿ ಗಾಲಿಗಳಿಗೆ ಗ್ರೀಸು ಹಚ್ಚುವವನು ಅವನ ಸ್ವಂತ ಅಳಿಯ.

ತೆಳುಗಾಳಿಯಲ್ಲಿ ಬುದ್ಧಿ ಮಂಕಾಗುತ್ತದೆಂದು ಅಲ್ಲೊಂದು ಕಟ್ಟಳೆ: ದಿನಾ ಕೆಲಸಕ್ಕೆ ಮುಂಚೆ ನೂರರಿಂದ ಏಳೇಳು ಕಳೆಯುತ್ತ ನಿಲ್ದಾಣದ ಡಾಕ್ಟರಮ್ಮನಿಗೆ ಒಪ್ಪಿಸಬೇಕು. ತಪ್ಪಿದವನು ಕೆಳಗಿಳಿಯಬೇಕು. ಈ ವರ್ಷ ಡಾಕ್ಟರಮ್ಮ ಬುದ್ಧಿಗೆಂದು ಮಾತ್ರೆಗಳನ್ನೂ ತಂದಿದ್ದರು. ಕಬ್ಬಿಣಾಂಶ, ವಿಟಮಿನ್ನು, ಯಾವುದೋ ಬೇರಿನ ಸತ್ವ. ಎರಡೇ ತಿಂಗಳಲ್ಲಿ ಎಲ್ಲರೂ ನೀರು ಕುಡಿದಷ್ಟು ಸುಲಭವಾಗಿ ಒಪ್ಪಿಸತೊಡಗಿದರು.

"ನೋಡಿದ್ರಾ ಮಾತ್ರೆ ಮಹಿಮೆ!" ಎಂದು ಡಾಕ್ಟರಮ್ಮ ಹಿಗ್ಗಿದರು.

ಮಹಿಮೆ ಬಾಯಿಪಾಠದ್ದು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಗೊರಕೆಯಲ್ಲೂ ಹೇಳುತ್ತಿದ್ದರು. ಅಡುಗೆಮನೆಯ ಬೆಕ್ಕು ಕೂಡ ಮೂವತ್ತರವರೆಗೆ ಸಲೀಸಾಗಿ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಬ್ರೇಕಣ್ಣ ಮಾತ್ರೆ ನುಂಗಿ, ಲೆಕ್ಕ ತಪ್ಪದೆ ಒಪ್ಪಿಸಿ, ಹಿಡಿಕೆ ಸಡಿಲಿಸಿದ. ಹಗ್ಗ ಒಂದು ಮಾರು ಓಡಿತು. ಕಂಬದ ಮೇಲಿಂದ ಚೀರಿದ ಸದ್ದಿಗೆ ಗಕ್ಕನೆ ಎಳೆದ. ಅಳಿಯ ಕಂಬದ ಮೇಲಿದ್ದಾನೆ, ಹಗ್ಗ ಬಿಡಬಾರದು ಎಂದು ಕೆಂಪು ಹಲಗೆ ನೇತುಹಾಕಿದವನು ಅವನೇ. ಐದು ನಿಮಿಷದಲ್ಲಿ ಮರೆತವನೂ ಅವನೇ.

ಇಳಿದು ಬಂದ ಅಳಿಯನ ಕೈಗವಸು ಅಂಗೈಯಲ್ಲಿ ಹರಿದುಹೋಗಿತ್ತು.

"ಮಾವಾ, ನಾನು ಬೇಡವಾಗಿದ್ರೆ ಮದುವೆಗೆ ಮುಂಚೆನೇ ಹೇಳ್ಬಾರ್ದಿತ್ತಾ?"

ಬ್ರೇಕಣ್ಣ ಅಂಗೈ ನೋಡಲು ಹೋದರೆ ಅಳಿಯ ಕೈ ಎಳೆದುಕೊಂಡ.

"ಹೋಗ್ಲಿ ಬಿಡಿ. ಗಾಳಿಗೆ ಹಗ್ಗ ಜಾರ್ತು ಅಂದ್ಬಿಡೋಣ. ಈ ವಯಸ್ಸಲ್ಲಿ ಕೆಳಗಿಳಿದು ಏನ್ ಮಾಡ್ತೀರಾ? ಅತ್ತೆ ಕೈಲಿ ದಿನಾ ಬೈಸ್ಕೋತೀರಾ?"

ಅಳಿಯನ ಮಾತು ನಗುತ್ತಿತ್ತು. ಬ್ರೇಕಣ್ಣ ಆ ಹರಿದ ಕೈಗವಸನ್ನೇ ನೋಡಿದ. ಆ ಹಿಡಿಕೆ ಬಿಟ್ಟರೆ ತನಗೆ ಬೇರೆ ಹೆಸರೂ ಇಲ್ಲ ಎನ್ನಿಸಿತು. ಆದರೂ ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋದ.

"ಅಮ್ಮಾ, ನನ್ನನ್ನ ನೂರಾ ಒಂದರಿಂದ ಕೇಳಿ."

"ಈಗ ತಾನೇ ಒಪ್ಪಿಸಿದ್ರಲ್ಲ?"

"ಅದು ನಾಲಿಗೆ ಒಪ್ಪಿಸಿದ್ದು. ತಲೆನ ಕೇಳಿ."

ತೊಂಬತ್ತನಾಲ್ಕು ಬಂತು. ಆಮೇಲೆ ಬೆರಳು ಮಡಚಿದ, ಬಿಚ್ಚಿದ, ಕಿಟಕಿ ನೋಡಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಉಳಿದ ಪಾಳಿಗಳ ಬ್ರೇಕಿನವರನ್ನೂ ಕರೆಸಿ ಅದನ್ನೇ ಕೇಳಿದರು. ಒಬ್ಬನೂ ದಡ ಸೇರಲಿಲ್ಲ.

ಅಂದು ಹಗ್ಗ ಓಡಲಿಲ್ಲ. ಬ್ರೇಕಣ್ಣ ನಡೆದೇ ಕೆಳಗಿಳಿದ. ಅವನ ಟ್ರಂಕು ಹೊತ್ತು ಅಳಿಯ ಜೊತೆಗೆ ನಡೆದ. ಕೊಡು ಎಂದು ಎಷ್ಟು ಕೇಳಿದರೂ ಅದನ್ನು ಮಾವನ ಕೈಗೆ ಕೊಡಲಿಲ್ಲ.