ಬಂದರಿನ ಚಿತ್ರದ ಬೀಗ

ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಚುಕ್ಕಿ ಮೇಡಂ ಎಂದೇ ಕರೆಯುತ್ತಿದ್ದರು. ಈ ಕೆಲಸಕ್ಕೆ ಬರುವ ಮುಂಚೆ ಆಕೆ ಹದಿನಾರು ವರ್ಷ ಫೋಟೊ ಸ್ಟುಡಿಯೊದಲ್ಲಿ ಕೂತು, ಗಿರಾಕಿಗಳ ಮುಖದ ಮೊಡವೆ, ಕಲೆಗಳನ್ನು ಸಣ್ಣ ಕುಂಚದಿಂದ ಮರೆಮಾಡಿದ್ದಳು. ಅದರಿಂದ ಕಣ್ಣು ಚುರುಕಾಯಿತು, ನಾಲಗೆ ಅದಕ್ಕಿಂತ ಚುರುಕಾಯಿತು. ಲೋಕದಲ್ಲಿ ಕಣ್ಣಿರುವವಳು ತಾನೊಬ್ಬಳೇ, ಮಿಕ್ಕವರದು ಬರೀ ತೂತು ಎಂಬುದು ಆಕೆಯ ಗಟ್ಟಿ ನಂಬಿಕೆ.

ಪಾಸ್‌ವರ್ಡ್ ಮರೆಯುವವರ ಕಾಟ ತಾಳಲಾರದೆ ಸೂಪರಿಂಟೆಂಡೆಂಟರು ಹೊಸ ವ್ಯವಸ್ಥೆ ತಂದರು. ಅಕ್ಷರ, ಅಂಕಿ ಯಾವುದೂ ಬೇಡ. ಕಂಪ್ಯೂಟರಿನಲ್ಲಿ ಬಂದರಿನ ಚಿತ್ರವೊಂದು ಮೂಡುತ್ತದೆ. ಅದರಲ್ಲಿ ನೀವು ಆರಿಸಿಕೊಂಡ ಐದು ಜಾಗಗಳನ್ನು ಅದೇ ಕ್ರಮದಲ್ಲಿ ಮುಟ್ಟಿದರೆ ಔಷಧಿ ಬೀರು ತೆರೆಯುತ್ತದೆ. "ಚಿತ್ರ ಮರೆತುಹೋಗಲ್ಲ, ಕಳ್ಳನಿಗೆ ಸಿಗೋದೂ ಇಲ್ಲ," ಎಂದು ಅವರು ತಾವೇ ಕಂಡುಹಿಡಿದವರ ಹಾಗೆ ಬೀಗಿದರು.

ವಾರ್ಡಿನ ಹನ್ನೊಂದು ಜನ ಆರಿಸಿದ್ದೇನು? ಕೆಂಪು ಕೊಡೆ, ನಾಯಿ, ಗಡಿಯಾರ, ಬಿಳಿ ದೋಣಿ, ಮಗುವಿನ ಮುಖ. ಚುಕ್ಕಿ ಮೇಡಂಗೆ ಮೈಯೆಲ್ಲ ಉರಿಯಿತು. ಟೀ ಹೊತ್ತಿನಲ್ಲಿ ಎಲ್ಲರನ್ನೂ ಸೇರಿಸಿ ಪಾಠ ಮಾಡಿದಳು.

"ಕಣ್ಣು ಹೋಗದ ಕಡೆ ಬೆರಳು ಇಡಬೇಕು ಕಣ್ರೇ. ನನ್ನದು ನೋಡಿ. ಹಗ್ಗದ ಗಂಟು ಬಿಚ್ಚಿದೆ, ಬಕೆಟ್ ಎತ್ತಿದೆ, ಬಿರುಕಿಗೆ ಗಾರೆ ಬಳಿದೆ, ಒಡೆದ ಕಿಟಕಿ ಒರೆಸಿದೆ, ಮುದುಕನ ಬೋಳುತಲೆ ಸವರಿದೆ. ಹೀಗೆ ಕತೆ ಕಟ್ಟಿದ್ರೆ ಸಾಯೋವರೆಗೂ ಮರೆಯಲ್ಲ."

ಕತೆ ಕೇಳಿದವರೂ ಮರೆಯುವುದಿಲ್ಲ ಎಂಬ ಸಣ್ಣ ಸಂಗತಿ ಆ ದೊಡ್ಡ ತಲೆಗೆ ಹೊಳೆಯಲಿಲ್ಲ.

ತಿಂಗಳೊಳಗೆ ಬೀರುವಿನಿಂದ ನೋವಿನ ಇಂಜೆಕ್ಷನ್ನಿನ ಎರಡು ಡಬ್ಬಿ ಮಾಯವಾದವು. ಕಂಪ್ಯೂಟರಿನ ಲೆಕ್ಕದ ಪ್ರಕಾರ ಬೀರು ತೆರೆದದ್ದು ಚುಕ್ಕಿ ಮೇಡಂ ಹೆಸರಿನಲ್ಲಿ. ಆಕೆ ಆ ಹೊತ್ತಿನಲ್ಲಿ ಮಹಡಿಯ ಮೇಲೆ ಒಬ್ಬಳೇ ಊಟ ಮಾಡುತ್ತಿದ್ದಳು. ಸಾಕ್ಷಿ ಹೇಳಲು ಊಟದ ಡಬ್ಬಿ ಬಿಟ್ಟರೆ ಯಾರೂ ಇರಲಿಲ್ಲ. ಸೂಪರಿಂಟೆಂಡೆಂಟರು ಎಲ್ಲರ ಎದುರಿಗೇ ಪೊಲೀಸರ ಮಾತೆತ್ತಿದರು.

"ಸರ್, ಇದು ಬೀಗವೇ ಅಲ್ಲ," ಎಂದು ಆಕೆ ಪರದೆಯ ಮುಂದೆ ಕೂತು ಮೂವರು ನರ್ಸುಗಳ ಹೆಸರಿನಲ್ಲಿ ಪಟಪಟನೆ ಬೀರು ತೆರೆದು ತೋರಿಸಿದಳು.

"ಇವರದೆಲ್ಲ ಸುಲಭ, ಒಪ್ಪಿದೆ. ನಿಮ್ಮದನ್ನ ಯಾರು ಊಹಿಸ್ತಾರೆ?"

ಊಹಿಸುವ ತಲೆ ಇಲ್ಲಿ ಯಾರಿಗೂ ಇಲ್ಲ ಎಂದು ತಿಂಗಳಿಡೀ ಸಾರಿದವಳು ಆಕೆಯೇ. ಪಾಠ ಮಾಡಿದ ವಿಷಯ ಹೇಳಿದರೆ ಉಳಿಯಬಹುದು. ಆದರೆ ಈ ದಡ್ಡರ ಮುಂದೆ ಹೇಗೆ ಹೇಳುವುದು? ಕೊನೆಗೆ ಜೈಲಿನ ಭಯವೇ ಗೆದ್ದಿತು.

"ನಾನೇ ಹೇಳಿಕೊಟ್ಟಿದ್ದೀನಿ, ಸರ್. ಹನ್ನೊಂದು ಜನಕ್ಕೂ."

"ನಂಬೋದು ಹೇಗೆ?"

ಆ ಹನ್ನೊಂದು ಜನರಲ್ಲಿ ಒಬ್ಬಳಾದ, ಓದು ಬರಹ ಬಾರದ ಆಯಾ ಮುಂದೆ ಬಂದಳು. "ಗಂಟು ಬಿಚ್ಚಿದೆ, ಬಕೆಟ್ ಎತ್ತಿದೆ," ಎಂದು ಗೊಣಗುತ್ತ ಒಂದೊಂದೇ ಮುಟ್ಟಿದಳು. ಬೀರು ತೆರೆಯಿತು. "ನಂದು ಮರೆತ್ರೂ ಇದು ಮರೆಯಲ್ಲ ಸಾರ್," ಎಂದಳು.

ಸೂಪರಿಂಟೆಂಡೆಂಟರು ಕಾಗದ ತೆಗೆದು, ಉಗ್ರಾಣದ ಮೇಡಂ ತಮ್ಮ ಗುಟ್ಟನ್ನು ದಡ್ಡತನದಿಂದ ಎಲ್ಲರಿಗೂ ಹೇಳಿಕೊಟ್ಟಿದ್ದಾರೆ ಎಂದು ಬರೆದು ಗಟ್ಟಿಯಾಗಿ ಓದಿದರು. ಗೊತ್ತಿದ್ದವರೆಲ್ಲ ಸಹಿ ಹಾಕಿದರೆ ಕಳವಿನ ಆರೋಪ ಕೈಬಿಡುವುದಾಗಿ ಹೇಳಿದರು. ಆಕೆ ಕಾಗದ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು, "ದಯವಿಟ್ಟು ಹಾಕಮ್ಮ," ಎಂದು ಬೇಡಿಕೊಂಡಳು.

ಸಹಿ ಹಾಕಿದರೆ ಅನುಮಾನ ತಮ್ಮ ಮೇಲೆ ತಿರುಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ‘ದಡ್ಡತನ’ ಎಂಬ ಆ ಒಂದು ಪದದ ರುಚಿಗೆ ಹನ್ನೊಂದು ಜನರೂ ಹಾಕಿದರು. ಆಯಾ ಹೆಬ್ಬೆಟ್ಟು ಒತ್ತಿದಳು.