ನ್ಯಾಮತಿ ಸಂತೆಯ ಬೆಲ್ಲ ಮತ್ತು ನನ್ನ ಪಿಎಚ್.ಡಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಇಡೀ ದೇಶದ ಬೆಲೆಯೇರಿಕೆಯನ್ನು ಅರ್ಥ ಮಾಡಿಕೊಂಡೇ ತೀರುತ್ತೇನೆಂಬ ಹುಮ್ಮಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ಬೆಲೆ ಏರುತ್ತದೆಂದು ಜನ ನಂಬಿದರೆ ಸಾಕು, ಆ ನಂಬಿಕೆಯೇ ಬೆಲೆಯನ್ನು ಏರಿಸುತ್ತದೆ ಎಂಬುದು ನನ್ನ ವಾದ. ವಾದವೇನೋ ಪೊಗದಸ್ತಾಗಿತ್ತು, ಸಾಕ್ಷಿ ಇರಲಿಲ್ಲ. ನನ್ನ ಗೈಡ್ ಆಗಿದ್ದ ಪ್ರೊಫೆಸರು ಆ ವರ್ಷ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಹೊಸ ಗೈಡ್ ಹುಡುಕಿ ಮೊದಲಿನಿಂದ ಶುರು ಮಾಡಬೇಕಿತ್ತು.

ಹಾಗಾಗಿ ರಜೆ ಸಿಕ್ಕಾಗಲೆಲ್ಲ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸಂತೆಗಳನ್ನು ಸುತ್ತಿದೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಮುಂದಿನ ತಿಂಗಳು ಬೆಲ್ಲದ ಬೆಲೆ ಏರುತ್ತದೆಯೇ? ಜಗಳೂರಿನವರು, ಏರಿದರೂ ಇಳಿದರೂ ಚಹಾ ಕುಡಿಯುವುದು ತಪ್ಪುವುದಿಲ್ಲವೆಂದು ನಕ್ಕು ನನಗೂ ಒಂದು ಲೋಟ ಕೊಡಿಸುತ್ತಿದ್ದರು. ಚನ್ನಗಿರಿಯಲ್ಲಿ ನನ್ನನ್ನು ತೆರಿಗೆಯವನೆಂದು ತಿಳಿದು ವ್ಯಾಪಾರಿಗಳು ಎದ್ದು ಹೋಗುತ್ತಿದ್ದರು. ಹೊನ್ನಾಳಿಯಲ್ಲೂ ನನ್ನ ವಾದಕ್ಕೆ ಮೂರು ಕಾಸಿನ ಕಿಮ್ಮತ್ತು ಸಿಗಲಿಲ್ಲ. ನ್ಯಾಮತಿ ಮಾತ್ರ ಕೈ ಹಿಡಿಯಿತು. ಅಲ್ಲಿ ಜನ ಏರುತ್ತದೆ ಎಂದರೆ ಬೆಲ್ಲ ಏರಿಯೇ ಏರುತ್ತಿತ್ತು. ಖುಷಿಯಲ್ಲಿ ಅಧ್ಯಾಯ ಬರೆದು ಗೈಡ್‌ಗೆ ಕಳಿಸಿಯೂಬಿಟ್ಟೆ.

ಹೆಂಡತಿ ಆಗ ಬಾಣಂತನಕ್ಕೆಂದು ಸವಳಂಗದ ತವರಿನಲ್ಲಿದ್ದಳು. ನ್ಯಾಮತಿ ಸಂತೆಯ ಹಿಂದಿನ ದಿನವೇ ಅಲ್ಲಿಗೆ ಹೋಗಿ, ನನ್ನ ಪ್ರಶ್ನೆಯನ್ನು ಮೊದಲು ಮಾವನವರ ಮೇಲೆ ಪ್ರಯೋಗಿಸುತ್ತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಳಿಯನ ಎದುರು ಬಂದು ಮಾತಾಡುವ ರೂಢಿ ಅವರಿಗಿರಲಿಲ್ಲ. ಹಾಗೆ ನೋಡಿದರೆ ಆ ಮನೆಯಲ್ಲಿ ಯಾರೂ ಏನನ್ನೂ ನೇರವಾಗಿ ಹೇಳುತ್ತಿರಲಿಲ್ಲ. ಹಸಿವಾದರೆ ಮಾವನವರು ದನಕ್ಕೆ ಮೇವು ಹಾಕಿ ಆಯಿತೇ ಎಂದು ಕೇಳುತ್ತಿದ್ದರು. ಒಳಗಿನಿಂದ ತಟ್ಟೆ ಬರುತ್ತಿತ್ತು.

ಒಂದು ಸಲ ಮಂಕರಿ ಬುಟ್ಟಿ ಇಳಿಸಲೆಂದು ಏಣಿ ಹತ್ತಿ ನೋಡಿದರೆ ಅಟ್ಟದ ತುಂಬ ಬೆಲ್ಲದ ಅಚ್ಚು. ಇಷ್ಟೊಂದು ಯಾಕೆಂದು ಹೆಂಡತಿಯನ್ನು ಕೇಳಿದೆ. ಇದು ನಮ್ಮ ಮನೆಯದಷ್ಟೇ, ಬೀಗರು ನೆಂಟರೆಲ್ಲ ನ್ಯಾಮತಿ ಸಂತೆಯಿಂದ ತಂದು ಹೀಗೇ ತುಂಬಿಸಿಕೊಂಡಿದ್ದಾರೆ ಎಂದು ನಕ್ಕಳು. ಬೆಲೆ ಏರಲಿದೆ, ನಮ್ಮ ಅಳಿಯನಿಗೆ ಸರ್ಕಾರದ ಗುಟ್ಟು ಗೊತ್ತು ಎಂದು ಅತ್ತೆಯೇ ಊರೂರಿಗೆ ಹೇಳಿ ಕಳಿಸಿದ್ದರಂತೆ. ನಾನು ಬರೀ ಪ್ರಶ್ನೆ ಕೇಳಿದ್ದಲ್ಲವೇ ಎಂದೆ.

"ನೀವು ಬಾಯಿ ಬಿಟ್ಟು ಹೇಳಂಗಿಲ್ಲ, ಅದಕ್ಕೇ ಕೇಳಿದಂಗೆ ಮಾಡ್ತೀರಿ ಅಂತ ಅವ್ವ ತಿಳ್ಕಂಡಾಳೆ ರೀ."

ನಾನು ಏಣಿಯ ಮೇಲೇ ಕುಳಿತುಬಿಟ್ಟೆ. ನ್ಯಾಮತಿಯ ಬೆಲ್ಲ ಏರಿಸಿದ್ದು ನಾನೇ. ಪ್ರಬಂಧ ಕೈತಪ್ಪಿತು, ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತು ಎಂದು ಗಟ್ಟಿಯಾಗಿಯೇ ಗೋಳಾಡಿದೆ. ಆಗ ಅತ್ತೆ ಬಾಗಿಲು ದಾಟಿ ಬಂದು, ಮದುವೆಯಾದ ಮೇಲೆ ಮೊದಲ ಸಲ ನನ್ನ ಎದುರು ನಿಂತರು.

"ನನ್ನಿಂದ ನಿಮ್ಮ ಓದು ಕೆಟ್ಟೋತೇನ್ರಿ?"

ಅವರ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯೂ ಸಂಕಟವೂ ಆಯಿತು.

ಮಾರನೆಯ ದಿನ ಗೈಡ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿ, ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕಬ್ಬೂ ಅಷ್ಟೇ ಇತ್ತು, ತಿನ್ನುವ ಬಾಯಿಯೂ ಅಷ್ಟೇ ಇತ್ತು, ಬರೀ ನಂಬಿಕೆಯಿಂದ ಬೆಲೆ ಏರಿತಲ್ಲ, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದರು. ಆ ನಂಬಿಕೆ ಎಲ್ಲಿಂದ ಹುಟ್ಟಿತೆಂಬುದನ್ನೂ ಮುಚ್ಚಿಡದೆ ಸೇರಿಸಿ ಬರೆದರೆ ಪ್ರಬಂಧ ನಿವೃತ್ತಿಗೆ ಮೊದಲೇ ಮುಗಿಯುತ್ತದೆ ಎಂದರು.

"ಮೊದಲು ಹೋಗಿ ಆ ತಾಯಿಗೆ ಹೇಳಪ್ಪ, ಏನೂ ಕೆಟ್ಟಿಲ್ಲ ಅಂತ."

ಬಸ್ ಹಿಡಿದು ಸವಳಂಗಕ್ಕೆ ಓಡಿದೆ. ಅತ್ತೆಯ ಎದುರು ನಿಂತು ಸುತ್ತಿ ಬಳಸದೆ ಹೇಳಿದೆ: ನನ್ನ ಓದಿಗೆ ಏನೂ ಆಗಿಲ್ಲ, ನಿಮ್ಮಿಂದಲೇ ಅದು ಗಟ್ಟಿಯಾಯಿತು. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಕಳವಳದಿಂದ ಮಗಳ ಕಡೆ ತಿರುಗಿದರು.

"ಹಂಗಂದ್ರೆ ಪೂರ್ತಿ ಕೆಟ್ಟೈತೆ ಅಂತೇನೇ?"